ಚರಗಕ್ಕೆ ಗ್ಯಾರಂಟಿ ಇಲ್ಲ

ಅಳಬೇಕೆಂದು ಕೂತಾಗಲೇ ಯಾರಾದರೂ ಬಂದು ನಗಿಸಿ ಹೋಗುವುದು ನನ್ನ ಹಣೆಬರಹ. ಹೋದ ವರ್ಷವೆಲ್ಲ ಈ ಕೆಲಸ ಮಾಡಿದ್ದು ಶಹಾಪುರದ ಒಬ್ಬ ಅಂಗಡಿಯವ. ಮಣ್ಣಿಲ್ಲದೆ, ಪೈಪಿನಲ್ಲಿ ಹರಿಯುವ ನೀರಿನಲ್ಲೇ ಪಲ್ಲೆ ಬೆಳೆಯುವ ಸಾಮಾನು ಮಾರುತ್ತಾನೆ.

ಕರ್ಚೀಫಿನ ಗಂಟು

ದೋರನಹಳ್ಳಿಯ ನಮ್ಮ ಹಿತ್ತಲಲ್ಲಿ ಮೊದಲು ಪುಂಡಿಪಲ್ಲೆ ಎಂಬ ಹುಳಿ ಸೊಪ್ಪು ಬೇಡವೆಂದರೂ ಬೆಳೆಯುತ್ತಿತ್ತು. ಕಾಲುವೆ ಬಂತು, ಸುತ್ತಲೂ ಭತ್ತ ಬಂತು, ನಮಗೆ ಸವಳು ಬಂತು. ನೆಲ ಉಪ್ಪು ಸುರಿದಂತೆ ಬೆಳ್ಳಗಾಯಿತು. ನನ್ನ ಹೆಂಡತಿಗೆ ಕ್ಯಾನ್ಸರ್ ಎಂದು ಗೊತ್ತಾದಾಗ ಹಿತ್ತಲಲ್ಲಿ ಹುಲ್ಲೂ ಉಳಿದಿರಲಿಲ್ಲ.

ಆಕೆಯ ಬಾಯಿಗೆ ಏನೂ ಸೇರುತ್ತಿರಲಿಲ್ಲ. "ನಮ್ಮ ಹಿತ್ತಲದ ಪುಂಡಿಪಲ್ಲೆ ಇದ್ರ ಎರಡು ತುತ್ತು ಉಣ್ತಿದ್ದೆ" ಎನ್ನುವಳು. ಸಂತೆಯದು ತಂದರೆ ಮೂಸಿ ಬದಿಗಿಡುವಳು. ದಿನ ಕಡಿಮೆ ಇವೆಯೆಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದರು. ನಾನು ಆಕೆಗೆ ಹೇಳಲಿಲ್ಲ. ಆದರೂ ಆಕೆಗೆ ಗೊತ್ತಿತ್ತು.

ಯಾರೋ ಈ ಅಂಗಡಿಯ ಸುದ್ದಿ ಹೇಳಿದರು. ಹೆಂಡತಿ ಹಿತ್ತಲ ಮಣ್ಣನ್ನು ಕರ್ಚೀಫಿನಲ್ಲಿ ಕಟ್ಟಿಕೊಟ್ಟು, "ಇದನ್ನ ತೋರಿಸಿ ಔಷಧ ಕೇಳ್ರಿ" ಎಂದಳು. ನಾನು ಗಂಟು ಬಿಚ್ಚಿ ಟೇಬಲ್ ಮೇಲಿಟ್ಟೆ. ಅಂಗಡಿಯವ ಎರಡು ಹೆಜ್ಜೆ ಹಿಂದೆ ಸರಿದ.

"ಮಾಸ್ತರ್ರೆ, ಇದು ಮಣ್ಣಿಲ್ಲದ ಒಕ್ಕಲುತನದ ಅಂಗಡಿ ಅದ. ನೀವು ಶಾಕಾಹಾರಿ ಖಾನಾವಳಿಗಿ ಕುರಿ ಹೊಡಕೊಂಡು ಬಂದಂಗ ಬಂದೀರಿ!"

ಚೊಲೋ ಬರೂದು

ಮಣ್ಣು ಹೊರಗೆ ಚೆಲ್ಲಿ, ಕೈ ತೊಳೆದುಕೊಂಡು ಮತ್ತೆ ಒಳಗೆ ಹೋದೆ. ಪೈಪು, ತೊಟ್ಟಿ, ನೀರು ಮೇಲೆತ್ತುವ ಸಣ್ಣ ಮೋಟರ್, ಎಲ್ಲ ತೋರಿಸಿದ.

"ಪುಂಡಿಪಲ್ಲೆ ಬರ್ತದೇನಪ್ಪ?"

"ನಾ ಹಚ್ಚಿ ನೋಡಿಲ್ರಿ. ಲೆಟ್ಯೂಸ್ ಬರ್ತದ."

"ಅದನ್ನ ಯಾರು ತಿಂತಾರ?"

"ಈ ಕಡಿ ಯಾರೂ ತಿನ್ನಂಗಿಲ್ರಿ. ಆದ್ರ ಭಾಳ ಚೊಲೋ ಬರ್ತದ."

ನೀರಿಗೂ ಹಸಿವು

ಸಾಮಾನು ಕೊಂಡು ತಂದು ಹಿತ್ತಲಲ್ಲಿ ಪುಂಡಿಯನ್ನೇ ಹಚ್ಚಿದೆವು. ಎಲೆ ಬಿಡುವ ಹೊತ್ತಿಗೆ ಎಳ್ಳಮಾವಾಸ್ಯೆ. ಅವತ್ತು ನಮ್ಮ ಕಡೆ ಹೊಲದ ತಾಯಿಗೆ ಊಟ ಹಾಕಬೇಕು, ಕಡುಬು, ಭಜ್ಜಿ, ಸಜ್ಜೆ ರೊಟ್ಟಿಯ ಚರಗ ಚೆಲ್ಲಬೇಕು. ನಿಲ್ಲಲು ತ್ರಾಣವಿಲ್ಲದ ಹೆಂಡತಿ ಗೋಡೆ ಹಿಡಿದು ಹಿತ್ತಲಿಗೆ ಹೋದಳು. ಚರಗವನ್ನೆಲ್ಲ ತೊಟ್ಟಿಗೇ ಚೆಲ್ಲಿದಳು.

ನಾನು ಬೈದೆ. "ಬೆಳಿ ಕೊಡಾಕತ್ತಿದ್ದು ಈ ನೀರು. ಅದು ಉಪವಾಸ ಇರಬೇಕೇನು?" ಎಂದು ನನಗೇ ಬೈದಳು. ಅಷ್ಟರಲ್ಲಿ ಮೋಟರ್ ಗೊರಗೊರ ಎಂದು ನಿಂತೇ ಹೋಯಿತು.

ಮೋಟರನ್ನು ಶಹಾಪುರಕ್ಕೆ ಒಯ್ದೆ. ಅಂಗಡಿಯವ ಅದನ್ನು ಬಿಚ್ಚಿದ. ಒಳಗಿಂದ ಅರ್ಧ ಕಡುಬು ತೆಗೆದು ಬೆಳಕಿಗೆ ಹಿಡಿದ.

"ಗ್ಯಾರಂಟಿ ಕಾರ್ಡಿನಾಗ ಸಿಡಿಲು ಅದ, ಇಲಿ ಅದ. ಚರಗ ಇಲ್ರಿ."

ಹೆಂಡತಿ ಬಿಡಬೇಕಲ್ಲ! "ಹೊಸಾ ಮೋಟರ್ ಇಸಗೊಳ್ಳೂತನ ನಾ ಸಾಯಂಗಿಲ್ಲ" ಎಂದಳು. ಮೂರು ಸಲ ನನ್ನನ್ನು ಅಟ್ಟಿದಳು, ಮೂರು ಸಲವೂ ಅದೇ ಉತ್ತರ. ಬೇರೆ ಅಂಗಡಿಯಿಂದ ತರುತ್ತೇನೆಂದರೆ, "ಅವನೇ ಕೊಡಬೇಕು" ಎಂದು ಹಟ. ಒಳಗೊಳಗೆ ನನಗೆ ಖುಷಿ. ಮೋಟರ್ ಸಿಗುವವರೆಗೆ ಸಾಯುವುದಿಲ್ಲವೆಂದ ಮೇಲೆ ಅದು ಸಿಗದಿದ್ದರೇ ಒಳ್ಳೆಯದಲ್ಲವೇ?

ಬೆಳಗಿನಿಂದ ಸಂಜೆವರೆಗೆ ಚೆಂಬಿನಿಂದ ನಾನೇ ಪೈಪಿಗೆ ನೀರು ಸುರಿದೆ. ಬದುಕಿದ ನಾಲ್ಕು ಗಿಡ ಕಿತ್ತು ನಾನೇ ಪಲ್ಲೆ ಮಾಡಿದೆ. ಆಕೆ ಎರಡು ತುತ್ತು ಉಂಡಳು. ನನ್ನ ಕಣ್ಣು ತುಂಬಿ ಬಂತು.

"ಹಿತ್ತಲ ತುಂಬ ಉಪ್ಪು ಅದ" ಎಂದಳು. "ಪಲ್ಲ್ಯಾಕ ಹಾಕಾಕ ಒಂದು ಚಿಟಿಕಿ ಸಿಗಲಿಲ್ಲೇನು ನಿಮಗ?"

ಕಾಗೆ

ಮೋಟರ್ ಸಿಗಲಿಲ್ಲ. ಆಕೆ ಮಾತು ಉಳಿಸಿಕೊಳ್ಳಲೂ ಇಲ್ಲ. ಹದಿನೈದು ದಿನಕ್ಕೆ ಹೋಗಿಬಿಟ್ಟಳು.

ಮೂರನೆಯ ದಿನ ಗೋರಿಯ ಮೇಲೆ ಎಡೆ ಇಟ್ಟೆವು, ಸಂತೆಯದಾದರೂ ಇರಲೆಂದು ಪುಂಡಿಪಲ್ಲೆಯನ್ನೂ ಇಟ್ಟೆವು. ಕಾಗೆ ಮುಟ್ಟಿದರೆ ಜೀವಕ್ಕೆ ತೃಪ್ತಿ, ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂದು ಅರ್ಥ. ಬೇವಿನ ಗಿಡದ ಮೇಲೆ ಕಾಗೆ ಕೂತಿತ್ತು, ಕೆಳಗೆ ಮಾತ್ರ ಇಳಿಯದು. ಮಗ ಕೈ ಮುಗಿದು, "ಅಪ್ಪನ್ನ ಚೊಲೋತಂಗ ನೋಡ್ಕೋತೀನವ್ವಾ" ಎಂದ. ಇಳಿಯಲಿಲ್ಲ. ರಂಗಂಪೇಟೆಯಿಂದ ಬಂದಿದ್ದ ಆಕೆಯ ತಂಗಿ, "ಅಬ್ಬೆತುಮಕೂರಿಗಿ ಹೋಗಿ ನಿನ್ನ ಹರಕಿ ತೀರಸ್ತೀನಕ್ಕಾ" ಎಂದಳು. ಕಾಗೆ ಆ ಕಡೆ ಮುಖ ತಿರುಗಿಸಿತು. ಬಿಸಿಲು ಏರಿತು. ಎಲ್ಲರೂ ನನ್ನನ್ನೇ ನೋಡತೊಡಗಿದರು. ನಾನೇನು ಕೊರತೆ ಮಾಡಿದೆನೋ ಎಂದು ನನ್ನ ಎದೆ ಒಡೆದುಹೋಯಿತು.

ಆಗ ಹಿಂದಿನಿಂದ ಒಬ್ಬ ಜನರನ್ನು ಸರಿಸಿಕೊಂಡು ಮುಂದೆ ಬಂದ. ಅಂಗಡಿಯವ. ಸುದ್ದಿ ತಿಳಿದು ಬಂದಿದ್ದನಂತೆ. ಬೆವರು ಒರೆಸಿಕೊಂಡು ಸಣ್ಣ ದನಿಯಲ್ಲಿ, "ಅಕ್ಕಾ, ತಪ್ಪಾಯ್ತು. ನಾಳಿಗಿ ಹೊಸಾ ಮೋಟರ್ ತಂದು ಕೂಡಸ್ತೀನಿ" ಎಂದ.

ಕಾಗೆ ಇಳಿಯಿತು. ನೆಟ್ಟಗೆ ಪುಂಡಿಪಲ್ಲೆಗೇ ಬಾಯಿ ಹಾಕಿತು.

ಮೊದಲು ನಕ್ಕವನು ನಾನು. ಆಮೇಲೆ ಮಗ, ಆಮೇಲೆ ಎಲ್ಲರೂ. ನಗುನಗುತ್ತಲೇ ನಾನು ಗೋಳೋ ಎಂದು ಅತ್ತೆ, ಮೂರು ದಿನದಿಂದ ಬಾರದ ಅಳು.

ಮರುದಿನ ಹೇಳಿದಂತೆ ಮೋಟರ್ ಹಿಡಿದು ಮನೆಗೆ ಬಂದ. "ಇನ್ನ ಯಾರಿಗೆ ತಮ್ಮಾ ಇದು?" ಎಂದೆ. ಅವ ಮೋಟರ್ ಕೂಡಿಸಿದ, ನೀರು ಬಿಟ್ಟ. ಹೊರಡುವಾಗ ಮಾಳಿಗೆಯ ಮೇಲೆ ಕೂತಿದ್ದ ಕಾಗೆಯ ಕಡೆ ಒಮ್ಮೆ ಹೆದರಿ ನೋಡಿ, ಗ್ಯಾರಂಟಿ ಕಾರ್ಡು ನನ್ನ ಕೈಗಿಟ್ಟ. ಅದರ ಕೆಳಗೆ ತನ್ನ ಪೆನ್ನಿನಿಂದಲೇ ಒಂದು ಸಾಲು ಬರೆದಿದ್ದ:

"ಚರಗಕ್ಕೂ ಅದ."