ಮಾವನವರ ರೈಲು ರೇಡಿಯೊ

ನಮ್ಮ ಸೋದರಮಾವನವರಿಗೆ ಉತ್ತರ ಕೊಡುವುದಕ್ಕೆ ಪ್ರಶ್ನೆಯೇ ಬೇಕಿಲ್ಲ! ಮಾಲೂರು ರೈಲು ನಿಲ್ದಾಣದ ಧ್ವನಿವರ್ಧಕದಲ್ಲಿ ಒಂದು ಹೆಣ್ಣುದನಿ 'ಪ್ರಯಾಣಿಕರು ದಯವಿಟ್ಟು ಗಮನಿಸಿ' ಎಂದರೆ ಸಾಕು, ಬೆಂಚಿನ ಮೇಲಿಂದ ಇವರು, "ಗಮನಿಸ್ತಾ ಇದೀವಿ, ಹೇಳಮ್ಮ" ಎನ್ನುತ್ತಾರೆ. ಕಸದ ಗಾಡಿಯ ಹಾಡಿಗೆ "ಬಂದೆ ಇರಪ್ಪಾ" ಎಂಬ ಜವಾಬು. ಟಿವಿಯಲ್ಲಿ ವಾರ್ತೆ ಓದುವವನು ನಮಸ್ಕಾರ ಎಂದರೆ ತಿರುಗಿ ನಮಸ್ಕಾರ ಹೇಳಿಯೇ ಮುಂದಿನ ತುತ್ತು ಬಾಯಿಗಿಡುವುದು. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ಬಹುಕಾಲ ಓಡಾಡಿದ್ದು ಶ್ರೀನಿವಾಸಪುರದಿಂದ ಆಂಧ್ರದ ಗಡಿಯ ರಾಯಲ್ಪಾಡಿಗೆ. ಅರ್ಧ ಬಸ್ಸು ಕನ್ನಡದಲ್ಲಿ, ಅರ್ಧ ಬಸ್ಸು ತೆಲುಗಿನಲ್ಲಿ ಒಟ್ಟಿಗೇ ಕೂಗುವಾಗ ಎರಡಕ್ಕೂ ಉತ್ತರ ಕೊಟ್ಟು ಕೊಟ್ಟು ಬಾಯಿಗೆ ಅದೇ ರೂಢಿಯಾಗಿಬಿಟ್ಟಿದೆ. ಬಸ್ಸು ಇಳಿದರೂ ಬಾಯಿ ಇಳಿದಿಲ್ಲ.

ಇಂಥವರಿಗೆ ಒಬ್ಬಳೇ ಮಗಳು, ಪವಿತ್ರ. ಅವಳು ಓದಿ ಸೇರಿದ್ದು ಎಲ್ಲಿಗೆ? ರೈಲಿನ ಇಂಜಿನ್ನಿಗೆ! ಗೂಡ್ಸ್ ಗಾಡಿಗಳಲ್ಲಿ ಸಹಾಯಕ ಚಾಲಕಿ. ಇಂಜಿನ್ ಹತ್ತಿದ ಮೇಲೆ ಫೋನ್ ಆರಿಸಿಡಬೇಕು ಎಂಬುದು ಅಲ್ಲಿಯ ನಿಯಮ. ಮಾವ ಫೋನ್ ಮಾಡುತ್ತಿದ್ದರು. 'ನೀವು ಕರೆ ಮಾಡಿರುವ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ' ಎಂದು ಆ ಕಡೆಯ ಯಂತ್ರ ಹೇಳುತ್ತಿತ್ತು. "ಅದು ಗೊತ್ತಮ್ಮ, ಯಾವ ಸ್ಟೇಷನ್ ದಾಟಿದಾಳೆ ಹೇಳು" ಎಂದು ಇವರು ಅದರ ಮೇಲೆಯೇ ರೇಗುತ್ತಿದ್ದರು. ಯಂತ್ರದಿಂದ ಪ್ರಯೋಜನವಾಗದೆ ಒಂದು ದಿನ ಡ್ಯೂಟಿ ಹಂಚುವ ಕಚೇರಿಗೇ ಫೋನ್ ಹಚ್ಚಿದರು, ಒಂದೇ ದಿನ ಮೂರು ಸಲ. ಕೇಳಿದ್ದೇನು? "ನಮ್ಮ ಮಗು ಊಟ ಮಾಡಿದ್ಲಾ?"

ಆ ಮಗು ಕೆಲಸಕ್ಕೆ ಹೋದಾಗಲೆಲ್ಲ ಜೊತೆಯವರು "ಊಟ ಆಯ್ತಾ ಮೇಡಂ" ಎಂದು ಕಾಡಿದರು. ಮೇಲಿನವರು ನಗಲಿಲ್ಲ, ಕರೆದು ಎಚ್ಚರಿಸಿದರು. ಪವಿತ್ರ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು: "ಅಪ್ಪ, ನನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ. ನಿನ್ನಿಂದ ಇನ್ನೊಂದು ಸಲ ಹೆಸರು ಕೆಟ್ರೆ ಮನೆಗೆ ಕಳಿಸ್ತಾರೆ. ನೀನು ಸುಮ್ನಿರೋದು ಕಲಿಯೋವರೆಗೂ ನಿನ್ ಹತ್ರ ಮಾತಾಡಲ್ಲ." ಹಟದಲ್ಲಿ ಅಪ್ಪನ ಮಗಳೇ. ರಜೆಗೆ ಬಂದರೆ ಅಮ್ಮನೊಂದಿಗೆ ನಾಲ್ಕು ಮಾತಾಡಿ, ಉಂಡು, ಹೊರಡುವಳು. ಅಪ್ಪನಿಗೆ ಒಂದು ಹೂಂ ಕೂಡ ಇಲ್ಲ. ಜಗತ್ತಿಗೆಲ್ಲ ಉತ್ತರ ಕೊಡುವ ಮನುಷ್ಯನಿಗೆ ಸ್ವಂತ ಮಗಳು ಉತ್ತರ ಕೊಡದಿದ್ದರೆ ಹೇಗಿರುತ್ತದೆ? ಮಾವ ಇಳಿದುಹೋದರು. ರಾಗಿಮುದ್ದೆ ಅರ್ಧಕ್ಕೇ ಸಾಕಾಗತೊಡಗಿತು.

ಹೀಗಿರುವಾಗ ಯಾವುದೋ ವಿಡಿಯೊ ನೋಡಿದರು. ಹೊರದೇಶದಲ್ಲಿ ಕೆಲವರು ಹಳಿಯ ಪಕ್ಕ ಕುರ್ಚಿ ಹಾಕಿಕೊಂಡು, ಅಂಗೈಯಗಲದ ರೇಡಿಯೊದಲ್ಲಿ ಚಾಲಕರು ಮತ್ತು ಸ್ಟೇಷನ್ ಮಾಸ್ತರರು ಮಾತಾಡುವುದನ್ನು ಕೇಳುತ್ತಾರಂತೆ. ಅದಕ್ಕೆ ಸ್ಕ್ಯಾನರ್ ಎಂದು ಹೆಸರಂತೆ. ಮರುದಿನವೇ ಕೋಲಾರದ ನನ್ನ ಮನೆಗೆ ಬಂದಿಳಿದರು.

"ಫೋನ್ ಮಾಡಲ್ಲ, ಏನೂ ಇಲ್ಲ ಕಣೋ. ಮಾಲೂರು ದಾಟೋವಾಗ ಅವಳ ಗಂಟಲು ಒಂದ್ಸಲ ಕಿವಿಗೆ ಬಿದ್ರೆ ಸಾಕು. ನಡಿ, ಒಳ್ಳೇದು ಆರಿಸಿಕೊಡು."

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವವನು. ಎಂದೋ ಒಮ್ಮೆ ಅತ್ತೆಯ ಮಿಕ್ಸಿಯ ಕಳಚಿದ ವೈರು ಸಿಕ್ಕಿಸಿದ್ದೆ. ಅಂದಿನಿಂದ ಮಾವನ ಲೆಕ್ಕದಲ್ಲಿ ನಾನು ಇಂಜಿನಿಯರು! ಹೊರಡುವ ಮುನ್ನ ಒಂದೇ ಷರತ್ತು ಹಾಕಿದೆ: ಆರಿಸುವ ಪೆಟ್ಟಿಗೆ ಕೇಳುವಂಥದ್ದು ಮಾತ್ರ ಆಗಿರಬೇಕು, ಮಾತಾಡುವ ಗುಂಡಿ ಇರಕೂಡದು. ಯಾಕೆಂದು ಬಿಡಿಸಿ ಹೇಳಬೇಕೆ? ಯಾವುದೋ ಚಾಲಕ 'ಮುಂದೆ ಹೋಗಬಹುದೇ' ಎಂದು ಕೇಳಿ, ಸ್ಟೇಷನ್ ಮಾಸ್ತರರು ಬಾಯಿ ತೆರೆಯುವ ಮೊದಲೇ ನಮ್ಮ ಕಂಡಕ್ಟರು "ರೈಟ್ ರೈಟ್" ಎಂದುಬಿಟ್ಟರೆ? 

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಟಿವಿ, ರೇಡಿಯೊ ರಿಪೇರಿ ಮಾಡುವ ಭಾಯ್ ಒಬ್ಬರ ಅಂಗಡಿಯಿದೆ. ಮಾವ ಒಳಗೆ ಕಾಲಿಟ್ಟು "ಸ್ಕ್ಯಾನರ್ ಬೇಕಿತ್ತು" ಎಂದರು. ಭಾಯ್ ತಲೆಯೆತ್ತದೆ, ಫೋನಿನಿಂದ ಸ್ಕ್ಯಾನ್ ಮಾಡಿ ದುಡ್ಡು ಹಾಕುವ ಸ್ಟಿಕ್ಕರ್ ತೋರಿಸಿದರು. ವಿಷಯ ತಿಳಿಸಿದ ಮೇಲೆ ಹುಡುಕಿ ಎರಡು ಪೆಟ್ಟಿಗೆ ತಂದಿಟ್ಟರು. ಒಂದು ಉದ್ದ ಕೋಲಿನ ಹಳೆಯ ರೇಡಿಯೊ. ಅದರಲ್ಲಿ ರೈಲು ಸಿಗುವುದು ಅಲ್ಲಾನ ಇಚ್ಛೆ ಎಂದರು. ಇನ್ನೊಂದು ಕಪ್ಪು ವಾಕಿಟಾಕಿ, ಕಲ್ಯಾಣ ಮಂಟಪದವರು ರಿಪೇರಿಗೆ ಕೊಟ್ಟದ್ದು. "ಇದು ಮಾರೋದಲ್ಲ, ಸುಮ್ನೆ ನೋಡಿ. ಹೀಗಿರುತ್ತೆ ಅಂತ."

ಸುಮ್ಮನೆ ನೋಡುವುದೇ? ನಾನು ಕೈ ಚಾಚುವಷ್ಟರಲ್ಲಿ ಮಾವನ ಹೆಬ್ಬೆರಳು ಗುಂಡಿಯ ಮೇಲಿತ್ತು.

"ಹಲೋ."

"ಹೇಳಿ ಸಾರ್" ಎಂದಿತು ಪೆಟ್ಟಿಗೆ. ಎದುರಿನ ಕಲ್ಯಾಣ ಮಂಟಪದ ಗೇಟಿನಲ್ಲಿ ಕಾರು ನಿಲ್ಲಿಸುವವನ ದನಿ ಅದು. "ಬೀಗರ ಗಾಡಿ ಬಂತು, ಒಳಗೆ ಬಿಡಲಾ ಸಾರ್?"

"ರೈಟ್ ರೈಟ್" ಎಂದರು ಮಾವ.

ನಾನು ಪೆಟ್ಟಿಗೆ ಕಿತ್ತುಕೊಳ್ಳುವ ಹೊತ್ತಿಗೆ ಒಳಗಿನಿಂದ ಹೊರಡುತ್ತಿದ್ದ ಅಡಿಗೆಯವರ ಟೆಂಪೊ, ಹೊರಗಿನಿಂದ ನುಗ್ಗಿದ ಬೀಗರ ಕಾರು ಗೇಟಿನಲ್ಲಿ ಮೂತಿಗೆ ಮೂತಿ ಕೊಟ್ಟು ನಿಂತಿದ್ದವು. ಸದ್ಯ, ತಾಗಿರಲಿಲ್ಲ. ಬೀಗರ ಬಾಯಿ ಮಾತ್ರ ಓಣಿಯವರೆಗೂ ಕೇಳುತ್ತಿತ್ತು. ಭಾಯ್ ಅವಸರವಾಗಿ ಪೆಟ್ಟಿಗೆಯ ಬ್ಯಾಟರಿ ತೆಗೆದರು. ಅದೇ ಗಳಿಗೆಗೆ ಅಂಗಡಿಯ ಮೆಟ್ಟಿಲು ಹತ್ತಿ ಒಬ್ಬ ಪೊಲೀಸಿನವರು ಬಂದರು.

ಅವರು ಬಂದದ್ದು ಫೋನಿನ ಚಾರ್ಜರ್ ಕೊಳ್ಳಲು. ಬಾಯಿ ತೆರೆದು ಅದನ್ನು ಹೇಳುವಷ್ಟು ಸಮಯವನ್ನಾದರೂ ಮಾವ ಕೊಡಬೇಡವೇ?

"ಸಾರ್, ನಾವು ಕೇಳೋದು ಮಾತ್ರ ಸಾರ್. ಮಾತಾಡಲ್ಲ. ಮಗಳು ರೈಲ್ವೇಲಿದಾಳೆ" ಎಂದುಬಿಟ್ಟರು.

ಪೊಲೀಸಿನವರು ಚಾರ್ಜರ್ ಮರೆತು ಸ್ಟೂಲ್ ಎಳೆದುಕೊಂಡು ಕುಳಿತರು.  ಒಂದೊಂದಾಗಿ ಎಲ್ಲವನ್ನೂ ಕೇಳಿದರು, ಅವರು ಕೇಳದೆ ಇದ್ದುದನ್ನೂ ಸೇರಿಸಿ ಮಾವ ಹೇಳಿದರು. ಕೊನೆಗೆ ಪೊಲೀಸಿನವರು ಮೆಲ್ಲಗೆ ಅಂದರು: "ಯಜಮಾನ್ರೇ, ಇಂಥದ್ದನ್ನ ಲೈಸೆನ್ಸ್ ಇಲ್ದೆ ಮನೇಲಿ ಇಟ್ಕೊಳ್ಳೋಂಗಿಲ್ಲ. ಅದೂ ರೈಲ್ವೆಯವರ ಮಾತು ಕೇಳೋದಕ್ಕೆ ಅಂದ್ರೆ ಮೊದಲು ಕರೆಸಿ ಕೇಳೋದು ನಿಮ್ಮ ಮಗಳನ್ನೇ. ಹೆಣ್ಣುಮಗು ಕಷ್ಟಪಟ್ಟು ತಗೊಂಡಿರೋ ಕೆಲಸ. ಬೇಕಾ ನಿಮಗೆ?"

ಮಾವ ಉತ್ತರ ಕೊಡಲಿಲ್ಲ. ಅವರು ಉತ್ತರ ಕೊಡದೆ ಇದ್ದುದನ್ನು ನಾನು ಅಂದೇ ಮೊದಲು ಕಂಡದ್ದು. ನನಗೆ ಭಯವಾಯಿತು. ಒಬ್ಬರನ್ನೇ ಕಳಿಸಲು ಮನಸ್ಸು ಬಾರದೆ ಮಾಲೂರಿನವರೆಗೂ ಜೊತೆಗೆ ಹೋದೆ. ನರಸಾಪುರದಲ್ಲಿ ಶಿಫ್ಟ್ ಮುಗಿದು ಕಂಪನಿ ಬಸ್ಸುಗಳು ಒಂದರ ಹಿಂದೊಂದು ನಿಂತಿದ್ದವು. ನಮ್ಮ ಬಸ್ಸಿನ ಕಂಡಕ್ಟರು "ಯಾರ್ರೀ ಟಿಕೆಟ್" ಎಂದು ಎರಡು ಸಲ ಕೂಗಿದರೂ ಮಾವ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಮನೆಗೆ ಬಂದಾಗ ಸಂಜೆ. ಪವಿತ್ರಳ ಗಾಡಿ ಮಧ್ಯಾಹ್ನಕ್ಕೇ ಕೊನೆಯ ನಿಲ್ದಾಣ ಮುಟ್ಟಬೇಕಿತ್ತು ಎಂಬುದು ಮಾವನ ಅಂದಾಜು. ಕುಳಿತರು, ಎದ್ದರು, ಬಾಗಿಲಿಗೆ ಹೋದರು, ಬಂದರು. ದೂರದಲ್ಲಿ ಒಂದು ಗೂಡ್ಸ್ ಹೋದ ಸದ್ದಿಗೆ ನಿಂತಲ್ಲೇ ನಿಂತರು. ಅತ್ತೆ ಅಡಿಗೆಮನೆಯಲ್ಲಿ ಅವರೆಕಾಳು ಹಿಸುಕುತ್ತ ಕುಳಿತಿದ್ದರು.

"ನಿನಗೇನೂ ಅನ್ಸಲ್ವಾ? ಮಗು ಎಲ್ಲಿದಾಳೋ ಏನೋ, ಕಾಳು ಹಿಸುಕ್ತಾ ಕೂತಿದೀಯಲ್ಲ."

"ಕೂತ್ಕೊಳ್ಳಿ" ಎಂದರು ಅತ್ತೆ.

ಆಗ ಅಕ್ಕಿ ಡಬ್ಬದ ಮೇಲಿದ್ದ ಅತ್ತೆಯ ಫೋನು ಒಂದೇ ಒಂದು ಸಲ ರಿಂಗಾಗಿ ನಿಂತಿತು. ಆ ಫೋನನ್ನು ಮಾವ ಮುಟ್ಟುವಂತಿಲ್ಲ. ಹಿಂದೊಮ್ಮೆ ಅತ್ತೆಯ ಅಕ್ಕನ ಕರೆ ಎತ್ತಿಕೊಂಡು ಅತ್ತೆಗೆ ಕೊಡದೆ ತಾವೇ ಮಾತಾಡಿ ಮುಗಿಸಿದ್ದರಿಂದ ಹೇರಿದ ನಿರ್ಬಂಧ. ಅತ್ತೆ ಫೋನಿನ ಕಡೆ ಒಮ್ಮೆ ನೋಡಿ, ಮತ್ತೆ ಕಾಳಿಗೆ ಕೈ ಹಾಕಿದರು. ಮುಖದಲ್ಲಿ ಏನೋ ಸಡಿಲವಾದದ್ದನ್ನು ಮಾವ ಕಂಡರು.

"ಯಾರದು? ಯಾಕೆ ಎತ್ತಲಿಲ್ಲ?"

ಅತ್ತೆ ಕೈ ಒರೆಸಿಕೊಂಡರು. "ಪವಿತ್ರ. ಗಾಡಿ ಇಳಿದು ರೂಮಿಗೆ ಬಂದ ತಕ್ಷಣ ಒಂದು ಮಿಸ್ ಕಾಲ್ ಕೊಟ್ಟು ಮಲಗ್ತಾಳೆ. ನಾನು ಎತ್ತೋಂಗಿಲ್ಲ, ವಾಪಸ್ ಮಾಡೋಂಗಿಲ್ಲ. ಮಾಡಿದ್ರೆ ಇದನ್ನೂ ನಿಲ್ಲಿಸ್ತೀನಿ ಅಂದಿದಾಳೆ. ನಿಮಗೆ ಹೇಳಿದ್ರೆ ನೀವು ಸುಮ್ನಿರ್ತಿದ್ರಾ?"

ಮಾವ ಕೈ ಚಾಚಿದರು. ಅತ್ತೆ ಒಂದು ಕ್ಷಣ ನನ್ನ ಮುಖ ನೋಡಿ, ಆಮೇಲೆ ಫೋನ್ ಕೊಟ್ಟರು. ಪರದೆಯ ಮೇಲೆ ಮಗಳ ಹೆಸರು. ಅವರ ಹೆಬ್ಬೆರಳು ಅದರ ಮೇಲೆ ಬಂದು ನಿಂತಿತು. ಅದೊಂದು ಬೆರಳು ಇಳಿದಿದ್ದರೆ ಈ ಮನೆಗೆ ಬರುತ್ತಿದ್ದ ಒಂದು ರಿಂಗೂ ಇಲ್ಲವಾಗುತ್ತಿತ್ತು.  ಬೆರಳು ಇಳಿಯಲಿಲ್ಲ. ಪರದೆಯ ಬೆಳಕು ತಾನಾಗಿ ಆರಿತು. ಮಾವ ಆ ಫೋನನ್ನು ಅಕ್ಕಿ ಡಬ್ಬದ ಮೇಲೆ ಸದ್ದಾಗದಂತೆ, ನಿದ್ದೆ ಹೋದ ಕೂಸನ್ನು ಮಲಗಿಸಿದ ಹಾಗೆ ಇಟ್ಟರು. 

"ಅವಳು ಮನೆಗೆ ಬಂದಾಗ ಹೇಳು" ಎಂದರು ಅತ್ತೆಗೆ, ಮಗಳಿಗೆ ಎಚ್ಚರವಾದೀತೇನೋ ಎಂಬಷ್ಟು ಸಣ್ಣ ದನಿಯಲ್ಲಿ. "ಅಪ್ಪ ವಾಪಸ್ ಮಾಡಲಿಲ್ಲ ಅಂತ."