ಓಣಿ ಅಲ್ರಿ, ದೋಣಿ

ಹನೀಫ್: ಅದನ್ನ ಕೇಳಾಕತ್ತೇನ್ರಿ ಯಜಮಾನ್ರ, ಯಾವ ಓಣಿ?

ಹೊಳಿಯಪ್ಪ: ದೋಣಿ.

ಹನೀಫ್: ಹೌದ್ರಿ. ಆ ಓಣಿ ಹೆಸರು ಹೇಳ್ರಿ.

ಹೊಳಿಯಪ್ಪ: ಅದಕ್ಕೆಲ್ಲಿ ಹೆಸರಪಾ. ಬರೇ ದೋಣಿ.

ಹನೀಫ್: ಹೆಸರಿಲ್ಲದ ಓಣಿ ಬ್ಯಾಡಗ್ಯಾಗ ಯಾವುದೈತ್ರಿ? ಹೋಗ್ಲಿ, ಬಾಜೂಕ ಏನೈತಿ ಹೇಳ್ರಿ. ಗುಡಿ, ಸಾಲಿ, ಏನರ?

ಹೊಳಿಯಪ್ಪ: ಬಾಜೂಕ ನೀರು. ಈ ಕಡೆನೂ ನೀರು, ಆ ಕಡೆನೂ ನೀರು.

ಹನೀಫ್: ಗಟಾರ ಕಟ್ಟೇತೇನ್ರಿ?

ಮಂಗಳವ್ವ: ಓಣಿ ಅಲ್ಲೋ ತಮ್ಮಾ, ದೋಣಿ. ನೀರಾಗ ತೇಲತೈತಲ್ಲ, ಅದು. ಮನಿ ಬಿಟ್ಟು ಅದರಾಗ ಇರಾಕ ಹೊಂಟಾರ ಇವ್ರು. ಅದಕ್ಕ ನೆಟ್ ಬೇಕಂತ.

ರಾಣೆಬೆನ್ನೂರಿನ ಬಸ್‌ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಯಲ್ಲಿ ಮಹಮ್ಮದ್ ಹನೀಫ್ ಪೆನ್ನು ಕೆಳಗಿಟ್ಟ. ಮನೆಗೆ ಕೂರಿಸುವ ವೈಫೈ ಡಬ್ಬಿಯನ್ನು ಆಗಲೇ ಕಪಾಟಿನಿಂದ ಇಳಿಸಿ ಒರೆಸಿ ಇಟ್ಟಿದ್ದ. ಅದನ್ನು ಮತ್ತೆ ಮೇಲಕ್ಕಿಟ್ಟು, ಎದುರಿಗೆ ಕುಳಿತ ಗಂಡ ಹೆಂಡತಿಯನ್ನು ಹೊಸದಾಗಿ ನೋಡಿದ.

ಹೊಳಿಯಪ್ಪ ಬ್ಯಾಡಗಿಯಲ್ಲಿ ಖಾರ ಕುಟ್ಟುವ ಗಿರಣಿ ನಡೆಸಿದವನು. ಮನೆಯ ಹಿತ್ತಲಿಗೇ ಗಿರಣಿ. ಹರೆಯದಲ್ಲಿ ಅದರೊಳಗೆ ಹೊಕ್ಕವನು ಕೂದಲು ನೆರೆತ ಮೇಲೆ, ಈ ವರ್ಷ, ಮಗ ವಿಜಯಮಹಾಂತೇಶನ ಕೈಗೆ ಬೀಗದ ಕೈ ಕೊಟ್ಟು ಹೊರಬಿದ್ದಿದ್ದ. ಹೊರಬಿದ್ದರೂ ಕಿವಿಯೊಳಗೆ ಗಿರಣಿ ನಡೆದೇ ಇತ್ತು. ಅವನಿಗೆ ಹಳೆಯ ಕಂಪನಿ ನಾಟಕದ ಪದಗಳೆಂದರೆ ಜೀವ. ಆದರೆ ಆ ಸಪ್ಪಳದಲ್ಲಿ ಇಷ್ಟು ವರ್ಷ ಒಂದು ಪದವನ್ನೂ ಪಲ್ಲವಿಯಿಂದ ಕೊನೆಯವರೆಗೆ ನೆಟ್ಟಗೆ ಕೇಳಿದವನಲ್ಲ. ಹೋದ ತಿಂಗಳು ಹೆಂಡತಿಯ ತವರು ಐರಣಿಗೆ ಹೋದಾಗ, ಹಿಂದೆ ಮಂದಿ ದಾಟಿಸುತ್ತಿದ್ದ ಹಳೆಯ ದೋಣಿಯೊಂದು ಹೊಳೆಯ ದಂಡೆಯಲ್ಲಿ ಗಿಡಕ್ಕೆ ಕಟ್ಟಿಸಿಕೊಂಡು ಸುಮ್ಮನೆ ನಿಂತದ್ದನ್ನು ಕಂಡ. ಸುಮ್ಮನೆ ನಿಂತಿತ್ತು ಎಂಬುದೇ ಅವನಿಗೆ ಹಿಡಿಸಿತು. ಅಲ್ಲಿಯ ಬುಡನಸಾಬನಿಂದ ಕೊಂಡು, ಮೇಲೆ ತಗಡಿನ ಸೂರು ಹಾಕಿಸಿ, ಮಳೆಗಾಲ ಬರುವತನಕ ಅದರಲ್ಲೇ ಇರುವುದೆಂದು ನಿಶ್ಚಯಿಸಿಬಿಟ್ಟ. ಮಂಗಳವ್ವ ಬೇಡ ಎನ್ನಲಿಲ್ಲ. ನಾನೂ ಅಂಗಡಿಗೆ ಬರುತ್ತೇನೆ ಎಂದಳು. ಅದು ಬೇಡ ಎಂದದ್ದಕ್ಕಿಂತ ಹೆಚ್ಚು ಎಂದು ಹೊಳಿಯಪ್ಪನಿಗೆ ಈಗ ತಿಳಿಯತೊಡಗಿತ್ತು.

ಹನೀಫ್: ಹಂಗಾದ್ರ ಡಬ್ಬಿ ಬ್ಯಾಡ್ರಿ, ಮೊಬೈಲಿಗೆ ಪ್ಲಾನ್ ಹಾಕೂಣು. ದಿನಾ ಎಷ್ಟು ಡಾಟಾ ಬೇಕಾಗತೈತಿ?

ಹೊಳಿಯಪ್ಪ: ಎಷ್ಟು ಅಂತ ನನಗೇನು ಗೊತ್ತು. ಒಂದು ಪದ ಸುರು ಆತಂದ್ರ ಕಡೀತನಕ ಕೇಳಬೇಕು. ನಡುವ ನಿಲ್ಲಬಾರ್ದು.

ಹನೀಫ್: ಅನ್‌ಲಿಮಿಟೆಡ್ ಹಾಕ್ತೀನಿ ತಗೋರಿ.

ಹೊಳಿಯಪ್ಪ: ಅದು ತೀರೂದಿಲ್ಲಲ್ಲ?

ಹನೀಫ್: ತೀರತೈತ್ರಿ.

ಹೊಳಿಯಪ್ಪ: ತೀರೂದಾದ್ರ ಅನ್‌ಲಿಮಿಟೆಡ್ ಯಾಕಂತೀ?

ಹನೀಫ್: ಅದರ ಹೆಸರ ಹಂಗೈತ್ರಿ. ದಿನಾ ಇಷ್ಟು ಅಂತಿರತೈತಿ. ಅದು ಮುಗದ ಮ್ಯಾಲ ಸ್ಪೀಡ್ ಇಳೀತೈತಿ.

ಮಂಗಳವ್ವ: ದೋಣಿದೇನು?

ಹನೀಫ್: ನೆಟ್ಟಿಂದ್ರಿ ಅಕ್ಕಾರ.

ಮಂಗಳವ್ವ: ಹೆಸರಿಗೇನ ಬಿಡು ತಮ್ಮಾ. ಇವರ ಹೆಸರು ಹೊಳಿಯಪ್ಪ. ಮೊಣಕಾಲಮಟ ನೀರಿಗೆ ಇಳದ್ರ ನನ್ನ ಕೈ ಹಿಡಕೊಂತಾರ.

ಹೊಳಿಯಪ್ಪ: ಅದು ಬಂಡಿಗಲ್ಲು ಜಾರತಿತ್ತು ಅಂತ.

ಮಂಗಳವ್ವ: ಉಸುಕಿತ್ತು ಅಲ್ಲಿ.

ಹೊಳಿಯಪ್ಪ ಆ ಮಾತನ್ನು ಅಲ್ಲಿಗೇ ಬಿಟ್ಟು, ಕುರ್ಚಿಯನ್ನು ಹನೀಫನ ಕಡೆಗೆ ಎಳೆದುಕೊಂಡ.

ಹೊಳಿಯಪ್ಪ: ಹೊಳಿ ಆಚೀಕ ಬ್ಯಾರೆ ಜಿಲ್ಲಾ ಐತಿ. ಗಾಳಿಗೆ ದೋಣಿ ಆ ಕಡೆ ಸರೀತಂದ್ರ ರೋಮಿಂಗ್ ಬೀಳತೈತೇನು?

ಹನೀಫ್: ಜಿಲ್ಲಾಕ್ಕ ರೋಮಿಂಗ್ ಇಲ್ರಿ.

ಹೊಳಿಯಪ್ಪ: ಇನ್ನೂ ಮುಂದ ಹೋದ್ರ?

ಮಂಗಳವ್ವ: ದೋಣಿ ಬೇವಿನ ಗಿಡಕ್ಕ ಕಟ್ಟೇತಿ. ಮುಂದ ಹೋಗೂದಾದ್ರ ಗಿಡಾನೂ ಜೋಡಿ ಹೋಗಬೇಕು. ಗಿಡಕ್ಕೂ ಒಂದು ಪ್ಲಾನ್ ಹಾಕಸ್ರಿ.

ಹನೀಫ್: ಪದ ದೊಡ್ಡದಾಗಿ ಕೇಳಬೇಕಂದ್ರ ಸಣ್ಣದೊಂದು ಟಿವಿ ಇಟಗೋರಿ ಯಜಮಾನ್ರ. ಮೊಬೈಲಿಂದ ಹಾಟ್‌ಸ್ಪಾಟ್ ಹಚ್ಚಿದ್ರ ಆತು.

ಮಂಗಳವ್ವ: ಏನೂ ಹಚ್ಚಬ್ಯಾಡೋ ಯಪ್ಪಾ. ಕಟ್ಟಿಗಿ ದೋಣಿ ಅದು, ನಿನ್ನೆ ಇನ್ನ ಡಾಂಬರು ಬಳದಾರ.

ಹನೀಫ್ ಹಾಟ್‌ಸ್ಪಾಟಿನಲ್ಲಿ ಬೆಂಕಿ ಇರುವುದಿಲ್ಲವೆಂದು ವಿವರಿಸಿದ. ಮಂಗಳವ್ವ ಎಲ್ಲವನ್ನೂ ಕೇಳಿಸಿಕೊಂಡು, ಆದರೂ ಬೇಡ ಎಂದಳು. ಹನೀಫ್ ಎದ್ದು ಫ್ಯಾನಿನ ಗುಂಡಿ ತಿರುಗಿಸಿ ಬಂದ.

ಹೊಳಿಯಪ್ಪ: ನೋಡು ಹನೀಫಾ, ನನಗ ಬೇಕಾದ್ದು ಇಷ್ಟ. ನೆಟ್ ಬರಬೇಕು. ಫೋನ್ ಬರಬಾರ್ದು.

ಹನೀಫ್: ಫೋನ್ ಐತಲ್ರಿ ನಿಮ್ಮ ಕಡೆ.

ಹೊಳಿಯಪ್ಪ: ಆ ಫೋನಲ್ಲ. ಯಾರರ ಫೋನ್ ಮಾಡಿದ್ರ ಬರಬಾರ್ದು. ಅಂಥಾ ಪ್ಲಾನ್ ಕೊಡು.

ಮಂಗಳವ್ವ: ಯಾರು ಮಾಡಿದ್ರ?

ಹೊಳಿಯಪ್ಪ: ಯಾರು ಮಾಡಿದ್ರೂ.

ಮಂಗಳವ್ವ: ಯಾರು ಮಾಡಿದ್ರೂ ಅಂದ್ರ ಯಾರ್‍ಯಾರು?

ಹೊಳಿಯಪ್ಪ: ವಿಜಯಮಹಾಂತೇಶ. ಗಿರಣಿ ಬೆಲ್ಟ್ ಹರೀತು, ಖಾರ ಸೋಸೂ ಜಾಳಗಿ ತೂತು ಬಿತ್ತು, ಬರೇ ಅದ. ಮತ್ತ ಆ ಸಾಲಾ ಬೇಕೇನ್ರಿ ಅಂತ ಕೇಳೂ ಹುಡುಗೀರು.

ಮಂಗಳವ್ವ: ಮತ್ತ?

ಹೊಳಿಯಪ್ಪ ಗೋಡೆಗೆ ತೂಗುಹಾಕಿದ್ದ ಮೊಬೈಲ್ ಕವರುಗಳನ್ನು ನೋಡತೊಡಗಿದ. ಒಂದರ ಮೇಲೆ ಕರಡಿ ಇತ್ತು.

ಮಂಗಳವ್ವ: ಮತ್ತ ಯಾರು ಅಂತ ಕೇಳೇನಿ.

ಹೊಳಿಯಪ್ಪ: ನೀ ಏನ್ ಕಡಿಮಿ ಮಾಡ್ತಿದ್ದೇನು? ಹನೀಫಾ, ಗಿರಣಿ ಈ ಕಡೆ, ಅಡಗಿಮನಿ ಆ ಕಡೆ, ನಡುವ ಒಂದ ಗ್ವಾಡಿ. ಅಷ್ಟಕ್ಕ ಈಕಿ ಫೋನ್ ಮಾಡತಾಳ. ಚಾ ಆಗೇತಿ. ರೊಟ್ಟಿ ಆಗ್ಯಾವು. ಉಂಡ್ರಿ? ಹೆಂಗಿತ್ತು?

ಮಂಗಳವ್ವ: ಕರದ್ರ ಕೇಳಸತಿತ್ತೇನು ನಿಮಗ? ಗಂಟಲಾ ಹರಕೊಂಡು ಸಾಕಾಗಿ ಫೋನ್ ಹಿಡದೆ. ಮತ್ತ ಹೆಂಗಿತ್ತು ಅಂತ ಕೇಳಿದ್ರ ಒಂದ ದಿನಾನರ ಹೇಳೀರೇನು?

ಹೊಳಿಯಪ್ಪ: ಚಲೋ ಇದ್ದಿದ್ದಕ್ಕ ಉಂಡೇನಿ.

ಮಂಗಳವ್ವ: ಅದನ್ನ ಇವತ್ತು ರಾಣೆಬೆನ್ನೂರಿಗೆ ಬಂದು ಹೇಳಾಕತ್ತೀರಿ. ತಮ್ಮಾ, ಬರೇ ಮಾತಾಡೂ ಪ್ಲಾನ್ ಐತೇನು? ನೆಟ್ ಇರಬಾರ್ದು.

ಹನೀಫ್: ಅದೂ ಐತ್ರಿ.

ಮಂಗಳವ್ವ: ಅದನ್ನ ಹಾಕು ಇವರಿಗೆ.

ಹೊಳಿಯಪ್ಪ: ಮಾತು ಕೇಳೂದಿದ್ರ ದೋಣಿ ಯಾಕ ಕೊಳ್ಳಬೇಕಿತ್ತು? ಮನ್ಯಾಗ ಬೇಕಾದಷ್ಟಿತ್ತು.

ಹನೀಫ್: ನೀವಿಬ್ರೂ ಒಂದೀಟು ಹೊರಗ ಚಾ ಕುಡದ ಬರ್ರಿ. ಒಂದ ಮಾತಿಗೆ ಬಂದ ಮ್ಯಾಲ—

ಮಂಗಳವ್ವ: ಕುಡದ ಬಂದೇವಿ. ಕುಂದರು ನೀ.

ಹನೀಫ್ ತನ್ನದೇ ಅಂಗಡಿಯಲ್ಲಿ ಅಪ್ಪಣೆ ಪಡೆದವನಂತೆ ಕುಳಿತ. ಮಂಗಳವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಈಗ ಗಂಡನನ್ನು ನೋಡದೆಯೇ ಮಾತಾಡಿದಳು.

ಮಂಗಳವ್ವ: ಇವರಿಗೆ ಈಸಾಕ ಬರೂದಿಲ್ಲ ತಮ್ಮಾ. ರಾತ್ರಿ ಎದ್ದು ಅಡ್ಡಾಡೂ ಚಾಳಿ ಬ್ಯಾರೆ. ದೋಣಿ ಕೊಂಡ ದಿನದಿಂದ ನನಗ ನಿದ್ದಿ ಹತ್ತಿಲ್ಲ. ಮುಂಜಾನೆದ್ದು ಒಮ್ಮೆ ಫೋನ್ ಎತ್ತಿ ಹೂಂ ಅಂದ್ರ ಸಾಕು. ಬ್ಯಾರೆ ಏನೂ ಅನ್ನೂದ ಬ್ಯಾಡ. ಹೂಂ ಅಂದು ಇಟ್ಟಬಿಡ್ಲಿ. ಇದ್ದಾರ ಅಂತ ತಿಳಕೊಂಡು ನಾ ರೊಟ್ಟಿಗೆ ಕುಂದರತೇನಿ.

ಹೊಳಿಯಪ್ಪ ಜಗಳಕ್ಕೆಂದು ಕಟ್ಟಿಟ್ಟುಕೊಂಡಿದ್ದ ಮಾತುಗಳಲ್ಲಿ ಇದಕ್ಕೆ ಹೊಂದುವುದು ಒಂದೂ ಇರಲಿಲ್ಲ. ಹೋದ ವಾರವೆಲ್ಲ ಅವಳು ಬೆಳಗಿನ ಜಾವ ಅಂಗಳದಲ್ಲಿ ಕುಳಿತಿದ್ದುದನ್ನು ಅವನು ಕಂಡಿದ್ದ. ಸೆಖೆಗೆ ಇರಬೇಕೆಂದುಕೊಂಡಿದ್ದ.

ಹೊಳಿಯಪ್ಪ: ಆತು. ಮಾತೂ ಇರ್ಲಿ ಹನೀಫಾ. ನೆಟ್ಟೂ ಇರ್ಲಿ, ಮಾತೂ ಇರ್ಲಿ.

ಹನೀಫ್: ಇಷ್ಟೊತ್ತನಕ ನಾ ಹೇಳಾಕತ್ತಿದ್ದೂ ಅದನ್ನ ರಿ. ಆದ್ರ ಮೊದಲ ಅಲ್ಲಿ ರೇಂಜ್ ಐತೋ ಇಲ್ಲೋ ನೋಡಬೇಕು. ಈಗ ದೋಣ್ಯಾಗ ಯಾರರ ಅದಾರೇನು?

ಬುಡನಸಾಬ ಇದ್ದ. ದೋಣಿಯ ಸಂದುಗಳಿಗೆ ಕೊನೆಯ ಸಲ ಡಾಂಬರು ತುಂಬಲು ಬೆಳಗ್ಗೆಯೇ ಬಂದಿದ್ದ. ಹನೀಫ್ ಹೊಳಿಯಪ್ಪನ ಫೋನಿನಿಂದ ಅವನಿಗೆ ವಿಡಿಯೋ ಕಾಲ್ ಹಚ್ಚಿದ. ಮೊದಲು ಒಂದು ಗಡ್ಡ ಕಂಡಿತು, ಆಮೇಲೆ ಒಂದು ಮೂಗು.

ಬುಡನಸಾಬ: ಸಾವ್ಕಾರ್‍ರ, ಕಾಣ್ತೇನೇನ್ರಿ? ದೋಣಿ ಮೂತಿ ಮ್ಯಾಲ ನಿಂತೇನಿ. ಇಲ್ಲಿ ಮಸ್ತ್ ಬರತೈತಿ. ಒಂದ ಹೆಜ್ಜಿ ಹಿಂದ ಸರದ್ನೆಂದ್ರ—

ಬಾಯಿ ತೆರೆದಂತೆಯೇ ಬುಡನಸಾಬ ಪರದೆಯಲ್ಲಿ ಕಲ್ಲಾದ. ಮೂವರೂ ಅವನ ಹಲ್ಲನ್ನು ನೋಡುತ್ತ ಕುಳಿತರು. ಸ್ವಲ್ಪ ಹೊತ್ತಿಗೆ ಜೀವ ಬಂತು.

ಬುಡನಸಾಬ: —ಹಿಂಗಾಗತೈತ್ರಿ.

ಹನೀಫ್: ಹಂಗಾದ್ರ ತುದಿಗೆ ನಿಂತು ಕೇಳಬೇಕಾಗತೈತ್ರಿ ಯಜಮಾನ್ರ.

ಮಂಗಳವ್ವ: ಈಸಾಕ ಬರಲಾರದವ್ರು ತುದಿಗೆ ನಿಂತು ಕಣ್ಣ ಮುಚ್ಚಿ ಪದ ಕೇಳತಾರ. ಇಲ್ಲಿ ಕೊಡ್ರಿ ಫೋನ್. ಬುಡನಸಾಬಣ್ಣ, ಅದನ್ನ ಹೊಳಿ ಕಡೆ ತಿರಗಸು.

ಗಡ್ಡ ಮರೆಯಾಗಿ ತುಂಗಭದ್ರೆ ಬಂದಳು. ಬಿಸಿಲು ಬಿದ್ದ ನೀರು, ಆಚೆ ದಂಡೆಯ ಹಸಿರು, ನಡುವೆ ಒಂಟಿ ಕಾಲಲ್ಲಿ ನಿಂತ ಕೊಕ್ಕರೆ. ಮಂಗಳವ್ವ ಫೋನನ್ನು ಕಣ್ಣಿನ ಹತ್ತಿರ ಹಿಡಿದಳು, ಆಮೇಲೆ ಕಿವಿಗೆ ಇಟ್ಟಳು. ಬಹಳ ಹೊತ್ತು ಇಟ್ಟುಕೊಂಡೇ ಇದ್ದಳು.

ಹನೀಫ್: ಏನರ ಕೇಳತೈತೇನ್ರಿ ಅಕ್ಕಾರ?

ಮಂಗಳವ್ವ: ಇಲ್ಲ.

ಹನೀಫ್: ಹಂಗಾದ್ರ ಆವಾಜ್ ಕಟ್ಟಾಗೇತಿ. ತಡೀರಿ, ಮತ್ತ ಹಚ್ಚತೇನಿ.

ಮಂಗಳವ್ವ: ಕಟ್ಟಾಗಿಲ್ಲ. ಅಲ್ಲಿ ಸಪ್ಪಳನ ಇಲ್ಲ.

ಅವಳು ಫೋನನ್ನು ಮರಳಿ ಕೊಡಲಿಲ್ಲ.

ಮಂಗಳವ್ವ: ನಾ ಹೋಗತೇನಿ ದೋಣಿಗೆ.

ಹೊಳಿಯಪ್ಪ: ಹೋಗೂಣಂತ. ಹೆಂಗೂ ಬಂದೇವಿ, ನೋಡಿಕೊಂಡು ಸಂಜೀಕ—

ಮಂಗಳವ್ವ: ನೋಡಾಕಲ್ಲ. ಇರಾಕ.

ಹೊಳಿಯಪ್ಪ: ನೀ ಯಾಕ?

ಮಂಗಳವ್ವ: ಗಿರಣಿ ಸಪ್ಪಳ ನಿಮಗೊಬ್ಬರಿಗೇ ಕೇಳತಿತ್ತೇನು? ನೀವು ಮಾರ್ಕೆಟ್ಟಿಗೆ ಹೋಗತಿದ್ರಿ, ಚಾದಂಗಡಿಗೆ ಹೋಗತಿದ್ರಿ, ಹುಬ್ಬಳ್ಳಿಗೆ ಹೋಗತಿದ್ರಿ. ನಾ ಎಲ್ಲಿಗೆ ಹೋಗಲಿ? ಭಾಂಡೆ ತೊಳದು ಇಟ್ರ ಅಲಮಾರಿದಾಗ ತಾವ ಕುಣೀತಿದ್ವು. ಐರಣ್ಯಾಗ ಹುಟ್ಟೇನಿ ನಾ. ಈ ದಂಡಿಗೆ ಇಳದು ಆ ದಂಡಿಗೆ ಏಳತಿದ್ದೆ. ನನಗ ಹೂಂ ಅನ್ನಸಾಕ ಯಾರೂ ಫೋನ್ ಮಾಡೂದು ಬೇಕಾಗಿಲ್ಲ.

ಗಿರಣಿಯ ಗೋಡೆಯನ್ನು ಹೊಳಿಯಪ್ಪ ಇಷ್ಟು ವರ್ಷ ಒಳಗಿನಿಂದ ಮಾತ್ರ ನೋಡಿದ್ದ. ಅದರ ಆಚೆ ಒಬ್ಬಳು ಅದೇ ಸಪ್ಪಳದಲ್ಲಿ ರೊಟ್ಟಿ ಬಡಿಯುತ್ತಿದ್ದಳೆಂಬುದು ಗೊತ್ತಿತ್ತು. ಅವಳಿಗೂ ಕಿವಿ ಇದೆ ಎಂಬುದು ಹೊಳೆದಿರಲಿಲ್ಲ.

ಹೊಳಿಯಪ್ಪ: ಮತ್ತ ನಾನು?

ಮಂಗಳವ್ವ: ಮನ್ಯಾಗ ಇರ್ರಿ. ಮಗ ಅದಾನ, ಸೊಸಿ ಅದಾಳ, ಗಿರಣಿ ಐತಿ. ನಡು ನಡುವ ಫೋನ್ ಮಾಡತೇನಿ. ಉಂಡ್ರೀ ಅಂತ ಕೇಳತೇನಿ.

ಹನೀಫ್ ಮೊಬೈಲ್ ಕವರುಗಳ ಕಡೆ ಮುಖ ತಿರುಗಿಸಿಕೊಂಡ. ಅವನ ಹೆಗಲು ಅಲುಗುತ್ತಿತ್ತು. ಹೊಳಿಯಪ್ಪ ಹೆಂಡತಿಯ ಕೈಯಲ್ಲಿದ್ದ ಫೋನಿನತ್ತ ಬಾಗಿದ.

ಹೊಳಿಯಪ್ಪ: ಬುಡನಸಾಬಾ, ಇದ್ದೀಯೇನು?

ಬುಡನಸಾಬ: ತುದಿಗೇ ನಿಂತೇನ್ರಿ. ಕಾಲು ಜೋಮು ಹಿಡದಾವು.

ಹೊಳಿಯಪ್ಪ: ದೋಣ್ಯಾಗ ಇಬ್ಬರು ಹಿಡೀತಾರೇನು?

ಬುಡನಸಾಬ: ಮಂದಿನ ದಾಟಸತಿದ್ದ ದೋಣಿ ರಿ ಇದು. ಒಮ್ಮೆ ಮದವಿ ದಿಬ್ಬಣನ ಕೂಡಸೇವಿ, ಬಾಜಾದವರನ್ನ ಹಿಡದು.

ಹೊಳಿಯಪ್ಪ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. ಮದುವೆಗೆ ಹೆಣ್ಣು ನೋಡಲು ಐರಣಿಗೆ ಹೋಗಿದ್ದಾಗಲೂ ಇಷ್ಟು ಸಂಕೋಚ ಆಗಿರಲಿಲ್ಲ.

ಹೊಳಿಯಪ್ಪ: ಹಂಗಾದ್ರ ನಾನೂ ಬರಲೇನು?

ಮಂಗಳವ್ವ: ದೋಣಿ ನಿಮ್ಮದು. ನನ್ನೇನ್ ಕೇಳತೀರಿ.

ಹೊಳಿಯಪ್ಪ: ಕೇಳಾಕತ್ತೇನಲ್ಲ.

ಮಂಗಳವ್ವ: ಬರ್ರಿ. ಈಸಾಕ ಕಲಸತೇನಿ. ಮೊದಲ ಮೊಣಕಾಲಮಟ.

ಹನೀಫ್ ನಿಟ್ಟುಸಿರು ಬಿಟ್ಟು ಪೆನ್ನು ಕೈಗೆತ್ತಿಕೊಂಡ.

ಹನೀಫ್: ಚಲೋ ಆತ್ರಿ. ಇಬ್ಬರೂ ಒಂದ ದೋಣ್ಯಾಗ ಇದ್ರ ಒಂದ ಪ್ಲಾನ್ ಸಾಕು. ಒಬ್ಬರಿಗೊಬ್ಬರು ಫೋನ್ ಮಾಡೂ ಪ್ರಸಂಗ ಇಲ್ಲ.

ಮಂಗಳವ್ವ: ಎರಡ ಹಾಕಪಾ. ವಾರ ತುಂಬೂದ್ರಾಗ ನಾವು ಮಾತು ಬಿಡತೇವಿ. ಆಮ್ಯಾಲ ನಾ ಈ ತುದಿ, ಇವ್ರು ಆ ತುದಿ. ಉಣ್ಣಾಕ ಬರ್ರಿ ಅಂತ ಕರ್‍ಯಾಕರ ಒಂದು ಬೇಕಲ್ಲ.

ಹನೀಫ್: ಅಷ್ಟಕ್ಕಾದ್ರ ಅಕ್ಕಾರಿಗೆ ಸಣ್ಣ ಪ್ಲಾನ್ ಸಾಕೇನ್ರಿ ಯಜಮಾನ್ರ?

ಹೊಳಿಯಪ್ಪ: ಇದ್ದುದರಾಗ ದೊಡ್ಡದು ಹಾಕು. ಮಾತು ಬಿಟ್ಟಾಗ ಈಕಿ ಭಾಳ ಮಾತಾಡತಾಳ.