ಕಾಕಾನ ಕಿವಿಯಲ್ಲಿ ಕಟ್ಟಿಗೆಯ ಗಿಳಿ

ಹುಕ್ಕೇರಿಯ ನಮ್ಮ ಬೀಗರ ಮದುವೆಯಲ್ಲಿ ಮದುಮಗಳಿಗಿಂತ ಹೆಚ್ಚು ಜನರ ಕಣ್ಣು ಬಿದ್ದದ್ದು ನಮ್ಮ ಕಾಕಾನ ಕಿವಿಗಳ ಮೇಲೆ! ನಂಬುವುದಿಲ್ಲವೇ? ಆರಡಿ ಎತ್ತರದ ಆಳು, ಸೆಟೆದ ಮೀಸೆ, ತಲೆಗೆ ಕೆಂಪು ಪಟಕಾ, ಅದರ ಕೆಳಗೆ ಎರಡೂ ಕಿವಿಯಲ್ಲಿ ತೂಗಾಡುವ ಹಸಿರು ಗಿಳಿಗಳು. ನೀವಾದರೂ ಯಾರನ್ನು ನೋಡುತ್ತಿದ್ದಿರಿ?

ಅದು ಇಂಗ್ರೇಜರ ಆಳಿಕೆಯ ಕೊನೆಯ ವರ್ಷಗಳ ಮಾತು. ನಾನಾಗ ಹನ್ನೆರಡರ ಹುಡುಗಿ, ಮಮದಾಪುರದಲ್ಲಿ ಕಾಕಾ ಮತ್ತು ಅವರ ಹೆಂಡತಿ ಕಾಕುವಿನ ಮನೆಯಲ್ಲೇ ಬೆಳೆಯುತ್ತಿದ್ದೆ. ಘಟಪ್ರಭಾ ಸ್ಟೇಷನ್ನಿಗೆ ಮುಂಬಯಿಯಿಂದ ಪೆಟ್ಟಿಗೆಗಟ್ಟಲೆ ಗಿಲೀಟಿನ ಒಡವೆ ಬಂದಿಳಿಯುತ್ತಿತ್ತು. ಬಂಗಾರ ಇದ್ದವರಿಗೆ ಬಂಗಾರ, ಇಲ್ಲದವರಿಗೆ ಗಿಲೀಟು. ಇವೆರಡರ ನಡುವೆ ಕಟ್ಟಿಗೆಯನ್ನು ತಂದು ನಿಲ್ಲಿಸಿದವರು ನಮ್ಮ ಕಾಕಾ!

ಒಂದು ದಿನ ಅವರು ಗೋಕಾಕಿಗೆ ಹೋದದ್ದು ಮನೆಯ ಗೂಡಿನಲ್ಲಿಡಲು ಬಣ್ಣದ ಕಟ್ಟಿಗೆಯ ಬಾಳೆಹಣ್ಣು ತರಲು. ಗೊಂಬೆ ಮಾಡುವವನ ತಂಗಿ ಗಂಗವ್ವ ಬಣ್ಣ ಅರೆಯುತ್ತ ಕೂತಿದ್ದಳು. ಅವಳ ಕಿವಿಯಲ್ಲಿ ಶೇಂಗಾಕಾಯಿಯಷ್ಟು ಉದ್ದದ ಗಿಳಿ. ಕೆಂಪು ಕೊಕ್ಕು, ಒಂದೊಂದು ಗರಿಗೂ ಒಂದೊಂದು ಹಸಿರು!

"ಇದನ್ನ ಯಾರ ಮಾಡ್ಯಾರವ್ವಾ?"

"ನಾನ ರೀ. ಅಣ್ಣ ಕೆತ್ತಿ ಉಳದ ಚೂರಿನಾಗ."

ಅಣ್ಣ ನಕ್ಕ. "ಕಟಗಿ ಯಾರ ಹಾಕ್ಕೋತಾರ್ರಿ? ಯುಗಾದಿ ಮುಗೀಲಿ, ಈಕಿನ್ನ ನೂಲಿನ ಗಿರಣಿಗೆ ಕಳಸ್ತೇನಿ."

"ನನಗ ಗಿರಣಿ ಬ್ಯಾಡ್ರಿ," ಎಂದಳು ಗಂಗವ್ವ, ತಲೆ ಎತ್ತದೆ. "ಇಲ್ಲಿ ಮನಸಿನಾಗಿದ್ದದ್ದು ಕೈಯಾಗ ಬರತೈತಿ."

ಕಾಕಾ ಅಣ್ಣನ ಕಡೆ ತಿರುಗಿದರು. "ಎಷ್ಟ ಮಂದಿ ಹಾಕ್ಕೊಂಡ್ರ ಈಕಿನ್ನ ಇಲ್ಲೇ ಕುಂಡರಸ್ತಿ?"

"ಹತ್ತ ಮಂದಿ ತೋರಸ್ರಿ, ನೋಡೂಣು!"

ಅವನು ಹೇಳಿದ್ದು ಚೇಷ್ಟೆಗೆ. ಆದರೆ ನಮ್ಮ ಕಾಕಾನ ಹತ್ತಿರ ಚೇಷ್ಟೆ ಮಾಡಬಾರದು! ಹತ್ತು ಜೊತೆ ಗಿಳಿ ಮಾಡಿಸಿಕೊಂಡು ಮನೆಗೆ ಬಂದರು.

"ಬಾಳಿಹಣ್ಣ ಎಲ್ಲಿ?" ಎಂದರು ಕಾಕು.

"ಗಿಳಿ ತಿಂದುವು."

ಮೊದಲ ಜೊತೆಯನ್ನು ಕಾಕುವಿನ ಮುಂದೆಯೇ ಹಿಡಿದರು. "ನನಗ ಬ್ಯಾಡ್ರಿ," ಎಂದು ಕಾಕು ಒಳಗೆ ನಡೆದುಬಿಟ್ಟರು.

ಮನೆಯಲ್ಲಿ ಆಗದ್ದು ಹುಕ್ಕೇರಿಯಲ್ಲಿ ಆದೀತೇ? ಕಾಕಾ ಮದುಮಗಳಿಗೆ ಗಿಳಿ ಉಡುಗೊರೆ ಕೊಟ್ಟರು. ಹುಡುಗಿಯ ತಾಯಿ ಉರಿದೆದ್ದರು.

"ಕಟಗಿ ಝುಮಕಿ? ನನ್ನ ಮಗಳೇನ ಗೊಂಬಿ ಏನ್ರಿ?"

"ಕಟಗಿ ಅಲ್ರಿ, ಕೈಕೆಲಸ!"

ಕೈಕೆಲಸ ಹಿಂದಕ್ಕೆ ಬಂತು. ಕಾಕಾನ ಕಿವಿಗಳನ್ನು ಚಿಕ್ಕಂದಿನಲ್ಲೇ ಚುಚ್ಚಿಸಿದ್ದರು. ತಮ್ಮ ಬಂಗಾರದ ಮುರುವು ತೆಗೆದು ಕಿಸೆಗೆ ಹಾಕಿ, ಗಿಳಿ ತೂಗುಬಿಟ್ಟುಕೊಂಡು ಊಟದ ಪಂಕ್ತಿಯಲ್ಲಿ ಕೂತೇಬಿಟ್ಟರು! ಬಡಿಸುವ ಹೆಣ್ಣುಮಗಳು ನಗು ತಡೆಯಲಾರದೆ ಕೇಳಿದಳು:

"ಗಿಳಿಗೂ ಮಾದಲಿ ಬಡಸಲೇನ್ರಿ?"

"ಬಡಸವ್ವಾ. ತುಪ್ಪ ಮಾತ್ರ ಜಾಸ್ತಿ ಹಾಕು."

ಊರಿಗೆ ಮರಳುವ ಚಕ್ಕಡಿಯಲ್ಲಿ ಕಾಕು ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು ಕೂತಿದ್ದರು. ಎತ್ತುಗಳೂ ನಾಚಿಕೊಂಡೇ ನಡೆದಂತಿತ್ತು!

ಕಾಕಾ ಸೋತರೇ? ಮುಂದಿನ ವಾರ ನನ್ನನ್ನು ಕರೆದುಕೊಂಡು ಮೂಡಲಗಿ ಸಂತೆಗೆ ಹೊರಟರು. ಬಜಾರದ ನಡುವೆ ನಿಂತು, "ನೋಡ್ರಿ, ಭಾರ ಐತೇನು?" ಎಂದು ತಲೆಯನ್ನು ಆಚೆ ಈಚೆ ಒಗೆದ ರಭಸಕ್ಕೆ ಪಟಕಾ ಹಾರಿ ಮೆಣಸಿನಕಾಯಿ ರಾಶಿಯಲ್ಲಿ ಬಿತ್ತು. ಕಾಯಿ ಮಾರುವಾಕೆ ಅದನ್ನು ಎತ್ತಿ ಕೊಡುತ್ತ ಬಿದ್ದು ಬಿದ್ದು ನಕ್ಕಳು.

"ಯಪ್ಪಾ, ಪಟಕಾ ಬಿತ್ತು, ಗಿಳಿ ಬೀಳಲಿಲ್ಲ! ನನಗೊಂದ ಜೋಡಿ ಕೊಡ್ರಿ."

ಆಕೆ ಹಾಕಿಕೊಂಡದ್ದೇ ತಡ, ಪಕ್ಕದ ಬೆಲ್ಲದಾಕೆ, ಅವಳಾಚೆಯ ಬಳೆಗಾರ್ತಿ... ಹೊತ್ತು ಇಳಿಯುವುದರೊಳಗೆ ಒಂಬತ್ತು ಜೊತೆ ಹಾರಿಹೋದವು!

ಮರುಸಂತೆಗೆ ಕಾಕಾ ಗಂಗವ್ವನ ಅಣ್ಣನನ್ನು ಎಳೆತಂದು ಆ ಒಂಬತ್ತು ಹೆಂಗಸರನ್ನೂ ತೋರಿಸಿದರು.

"ಒಂಬತ್ತ ಆತು. ಹತ್ತನೇದಾಕಿ ಎಲ್ಲಿ?" ಎಂದ ಅಣ್ಣ.

ಕಾಕಾ ತಮ್ಮ ಕಿವಿ ಹಿಡಿದು ತೋರಿಸಿದರು. ತಪ್ಪಾಯಿತೆಂದು ಕಿವಿ ಹಿಡಿಯುವವರನ್ನು ಕಂಡಿದ್ದೇನೆ, ಗೆದ್ದೆನೆಂದು ಹಿಡಿದವರು ಅವರೊಬ್ಬರೇ! ಅಣ್ಣನಿಗೂ ನಗು ಬಂತು. ಗಂಗವ್ವ ಗಿರಣಿಗೆ ಹೋಗಲಿಲ್ಲ.

ಯುಗಾದಿ ಕಳೆದ ಮೇಲೆ ಗಂಗವ್ವ ಕಾಕಾನಿಗೆ ಕೈಮುಗಿಯಲು ನಮ್ಮ ಮನೆಗೆ ಬಂದಳು. ಕಾಕಾ ಹೊಲದಲ್ಲಿದ್ದರು. ನೀರು ತಂದುಕೊಟ್ಟ ಕಾಕು ಎಡಗಿವಿಯ ಮೇಲಿನ ಸೆರಗನ್ನು ಮತ್ತೆ ಮತ್ತೆ ಎಳೆದುಕೊಳ್ಳುವುದನ್ನು ಅವಳು ನೋಡಿದಳು.

"ಯವ್ವಾ, ಸೆರಗ ಒಂದೀಟ ಸರಸ್ರಿ."

ಕಾಕು ಒಮ್ಮೆ ಬಾಗಿಲ ಕಡೆ ನೋಡಿದರು. ಆಮೇಲೆ ಸರಿಸಿದರು. ಕಾಕುವಿನ ಮದುವೆಯಲ್ಲಿ ನಮ್ಮ ಮನೆತನದವರು ಹಾಕಿದ ಬಂಗಾರದ ಭಾರಕ್ಕೆ ಅವರ ಎಡಗಿವಿಯ ಹಾಲೆ ಎಂದೋ ಹರಿದು ಎರಡಾಗಿತ್ತು. ಅದೇ ಮನೆಯಲ್ಲಿ ಉಂಡು ಬೆಳೆದ ನಾನು ಅದನ್ನು ಕಂಡಿರಲಿಲ್ಲ. ಮರ್ಯಾದೆಯ ಹೆಣ್ಣುಮಗಳು, ತಲೆತುಂಬ ಸೆರಗು ಹೊದೆಯುತ್ತಾಳೆ ಎಂದುಕೊಂಡಿದ್ದ ಕಾಕಾನೂ ಕಂಡಿರಲಿಲ್ಲ.

ಗಂಗವ್ವ ಅಯ್ಯೋ ಎನ್ನಲಿಲ್ಲ. ದಾರದಿಂದ ಕಿವಿಯ ಅಳತೆ ತೆಗೆದುಕೊಂಡು ಹೋದಳು. ಎಂಟು ದಿನಕ್ಕೆ ಕಟ್ಟಿಗೆಯ ಮಲ್ಲಿಗೆ ಮೊಗ್ಗುಗಳನ್ನು ತಂದಳು. ತೂತಿಗೆ ಸಿಕ್ಕಿಸುವಂಥವಲ್ಲ. ರೇಷ್ಮೆಯ ಎಳೆಯಿಂದ ಕಿವಿಯ ಮೇಲೆ ಬಳಸಿ, ಹರಿದ ಜಾಗದ ಮುಂದೆ ಬಂದು ನಿಲ್ಲುವಂಥವು. ಆ ಒಂದು ಕಿವಿಗಲ್ಲದೆ ಇನ್ನಾವ ಕಿವಿಗೂ ಅವು ಒಪ್ಪುತ್ತಿರಲಿಲ್ಲ.

ಸಂಜೆ ಕಾಕಾ ಬಂದಾಗ ಕಾಕು ಸೆರಗನ್ನು ಹಿಂದಕ್ಕೆ ಬಿಟ್ಟು ಪಡಸಾಲೆಯಲ್ಲಿ ನಿಂತಿದ್ದರು. ಕಾಕಾ ಹತ್ತಿರ ಬಂದು ಮೊಗ್ಗನ್ನು ಬೆರಳಿನಿಂದ ಮೆಲ್ಲಗೆ ಸರಿಸಿದರು. ಹರಿದದ್ದನ್ನು ಕಂಡರು.

"ಭಾಳ ನೋಯ್ತೇನ?"

"ಆಗ ನೊಂದಿತ್ರಿ," ಎಂದು ಕಾಕು ನಕ್ಕರು. "ಈಗರ ಕೇಳಿದ್ರಲ್ಲ, ಸಾಕ ತಗೋರಿ."

ಕಾಕಾ ಕೈಕಾಲು ತೊಳೆಯುವುದನ್ನೂ ಮರೆತು ಅವರೆದುರೇ ಕೂತುಬಿಟ್ಟರು.